ಕೆನ್ನೆಯ ಮೇಲಿನ ಸುಳ್ಳು ನೆರಳು

ಮದುವೆ ಮನೆಗಳಲ್ಲಿ ಹಿರಿಯ ಹೆಂಗಸರು ಆಡಿಕೊಳ್ಳುವ ಮಾತೊಂದಿದೆ: 'ಹುಡುಗಿ ಮೊನ್ನೆ ಕಂಡಾಗ ಎಷ್ಟು ಲಕ್ಷಣವಾಗಿದ್ದಳು, ಇವತ್ತು ಯಾಕೋ ಕೆನ್ನೆ ಬಾಡಿದ ಹಾಗಿದೆಯಲ್ಲ.' ತಿಂಗಳೊಪ್ಪತ್ತು ಕಳೆದು ಫೋಟೊ ಆಲ್ಬಮ್ ಬಂದಾಗ ಅದೇ ಹೆಂಗಸರು ಅದೇ ಮುಖವನ್ನು ನೋಡಿ ಕಣ್ಣರಳಿಸುತ್ತಾರೆ. ಎರಡು ಸಲವೂ ಅವರು ಹೇಳಿದ್ದು ನಿಜವೇ. ಬ್ಯೂಟಿ ಪಾರ್ಲರಿನವಳು ಬೆಳಗಿನ ಜಾವ ಎರಡು ಗಂಟೆ ಕೂತು ತಿದ್ದಿದ ಆ ಮುಖ, ಮಂಟಪದ ಬಾಗಿಲಲ್ಲಿ ಹಗಲು ಬೆಳಕಿನಲ್ಲಿ ನಿಂತು ನೋಡುವವರಿಗಾಗಿ ಸಿದ್ಧವಾದದ್ದಲ್ಲ. ಕ್ಯಾಮರಾದ ಫ್ಲ್ಯಾಶಿಗಾಗಿ, ವಿಡಿಯೊ ದೀಪಕ್ಕಾಗಿ ಸಿದ್ಧವಾದದ್ದು. ಕೆನ್ನೆಯ ಕೆಳಗೆ ಆಕೆ ಸವರಿದ ಕಂದು ಪುಡಿ ಹಗಲಿನಲ್ಲಿ ಮಸಿಯ ಹಾಗೆ ಕಂಡಿತು. ಫ್ಲ್ಯಾಶಿನ ಎದುರು ಅದು ನೆರಳಾಯಿತು.

ಪ್ರಸಾಧನದವರು ಈ ಕೆಲಸವನ್ನು ಕಾಂಟೂರಿಂಗ್ ಮತ್ತು ಹೈಲೈಟಿಂಗ್ ಎಂದು ಕರೆಯುತ್ತಾರೆ. ಚರ್ಮದ ಬಣ್ಣಕ್ಕಿಂತ ಒಂದೆರಡು ಪಟ್ಟು ಕಡುವಾದ ಪುಡಿಯನ್ನು ಕೆನ್ನೆಮೂಳೆಯ ಕೆಳಗೆ, ಕಣತಲೆಯಲ್ಲಿ, ದವಡೆಯ ಅಂಚಿಗೆ, ಮೂಗಿನ ಎರಡು ಪಕ್ಕಕ್ಕೆ ಹಚ್ಚುತ್ತಾರೆ. ತಿಳಿಯಾದ, ಮಿನುಗುವ ಪುಡಿಯನ್ನು ಕೆನ್ನೆಮೂಳೆಯ ನೆತ್ತಿಗೆ, ಮೂಗಿನ ಏಣಿಗೆ, ಹುಬ್ಬಿನ ಕೆಳಗೆ, ಮೇಲ್ದುಟಿಯ ನಡುವಿನ ಬಾಗಿಗೆ ಮುಟ್ಟಿಸುತ್ತಾರೆ. ಕಪ್ಪು ಹಚ್ಚಿದ ಭಾಗ ಒಳಗೆ ಸರಿದಂತೆ ಕಾಣುತ್ತದೆ, ಬೆಳಕು ಹಚ್ಚಿದ ಭಾಗ ಮುಂದೆ ಬಂದಂತೆ ಕಾಣುತ್ತದೆ. ಮೂಳೆ ಇದ್ದಲ್ಲೇ ಇರುತ್ತದೆ, ಮಾಂಸವೂ ಇದ್ದಲ್ಲೇ ಇರುತ್ತದೆ. ಆದರೂ ಮುಖದ ಆಕಾರ ಬದಲಾಗುತ್ತದೆ.

ಕಣ್ಣು ಇಷ್ಟು ಸುಲಭವಾಗಿ ಮೋಸ ಹೋಗುವುದೇಕೆ? ಒಂದು ವಸ್ತುವಿನ ಉಬ್ಬುತಗ್ಗು ಕಣ್ಣಿಗೆ ನೇರವಾಗಿ ದಕ್ಕುವುದಿಲ್ಲ. ಕಣ್ಣಿನ ಪರದೆಯ ಮೇಲೆ ಬೀಳುವುದು ಚಪ್ಪಟೆ ಚಿತ್ರ. ಅದರಲ್ಲಿರುವ ಬೆಳಕು ಕತ್ತಲೆಯ ಏರಿಳಿತದಿಂದ ಮಿದುಳು ಆಕಾರವನ್ನು ಊಹಿಸಿಕೊಳ್ಳುತ್ತದೆ. ಊಹಿಸುವಾಗ ಅದು ಒಂದು ಹಳೆಯ ನಂಬಿಕೆಯನ್ನು ಹಿಡಿದುಕೊಂಡಿರುತ್ತದೆ: ಬೆಳಕು ಮೇಲಿನಿಂದ ಬರುತ್ತದೆ. ಕೋಟ್ಯಂತರ ವರ್ಷ ಸೂರ್ಯನ ಕೆಳಗೇ ಬದುಕಿದ ಜೀವಿಗಳ ಸಂತತಿಗೆ ಈ ನಂಬಿಕೆ ಸಹಜವೇ. ತಮಿಳುನಾಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ನರವಿಜ್ಞಾನಿ ವಿ. ಎಸ್. ರಾಮಚಂದ್ರನ್ 1988ರಲ್ಲಿ ಪ್ರಕಟಿಸಿದ ಪ್ರಯೋಗಗಳು ಇದನ್ನು ಚೆನ್ನಾಗಿ ತೋರಿಸಿಕೊಟ್ಟವು. ಮೇಲ್ಭಾಗ ಬೆಳ್ಳಗೆ, ಕೆಳಭಾಗ ಕಪ್ಪಗೆ ಇರುವ ವೃತ್ತ ಉಬ್ಬಿದ ಗುಂಡಿಯಂತೆ ಕಾಣುತ್ತದೆ. ಅದನ್ನೇ ತಲೆಕೆಳಗು ಮಾಡಿದರೆ ಕುಳಿಯಾಗುತ್ತದೆ. ಚಂದ್ರನ ಕುಳಿಗಳ ಚಿತ್ರವನ್ನು ತಿರುಗಿಸಿ ಹಿಡಿದರೆ ಅವು ದಿಬ್ಬಗಳಾಗುವುದೂ ಇದೇ ಕಾರಣಕ್ಕೆ. ಮನೆಯಲ್ಲಿ ಮಕ್ಕಳಿರುವವರು ಪಠ್ಯಪುಸ್ತಕ ಹಿಡಿದು ಪರೀಕ್ಷಿಸಬಹುದು. ಕೆನ್ನೆಮೂಳೆಯ ಮೇಲೆ ಬಿಳುಪು, ಅದರ ಕೆಳಗೆ ಕಂದು ಎಂಬ ಪಾರ್ಲರಿನ ಸೂತ್ರ ಆ ವೃತ್ತದ್ದೇ ಸೂತ್ರ.

ಆದರೆ ಕಪ್ಪು ಬಳಿದ ಮಾತ್ರಕ್ಕೆ ನೆರಳಾಗುವುದಿಲ್ಲ. ಪಾರ್ಲರಿನಲ್ಲಿ ಹೊಸದಾಗಿ ಕೆಲಸ ಕಲಿಯುವವರು ಮೊದಲು ಬೈಸಿಕೊಳ್ಳುವುದು ಅಂಚಿನ ವಿಷಯಕ್ಕೆ. ಪುಡಿ ಎಲ್ಲಿ ಮುಗಿಯಿತು ಎಂದು ಗೊತ್ತಾಗಬಾರದು, ಬ್ರಶ್ಶಿನಿಂದ ತೀಡಿ ತೀಡಿ ಅಂಚನ್ನು ಕರಗಿಸಬೇಕು. ಇದರ ಕಾರಣವನ್ನು ಹತ್ತೊಂಬತ್ತನೇ ಶತಮಾನದ ಜರ್ಮನ್ ಶರೀರವಿಜ್ಞಾನಿ ಎವಾಲ್ಡ್ ಹೆರಿಂಗ್ ಒಂದು ಸರಳ ಆಟದಲ್ಲಿ ತೋರಿಸಿದ್ದ. ಬಿಳಿ ಕಾಗದದ ಮೇಲೆ ಯಾವುದಾದರೂ ವಸ್ತುವಿನ ನೆರಳು ಬೀಳುವಂತೆ ಮಾಡಬೇಕು. ನೆರಳಿನ ಸುತ್ತ ಮಬ್ಬಾದ ಒಂದು ಅಂಚು ಇರುತ್ತದೆ. ಆ ಮಬ್ಬು ಮುಚ್ಚಿಹೋಗುವಂತೆ ದಪ್ಪ ಕಪ್ಪು ಗೆರೆ ಎಳೆದರೆ, ಅಲ್ಲಿಯವರೆಗೆ ನೆರಳಾಗಿದ್ದದ್ದು ಕ್ಷಣಾರ್ಧದಲ್ಲಿ ಕಾಗದದ ಮೇಲಿನ ಕಲೆಯಾಗಿಬಿಡುತ್ತದೆ. ಬೆಳಕು ಬದಲಾಗಿಲ್ಲ, ಕಾಗದ ಬದಲಾಗಿಲ್ಲ. ಮಬ್ಬು ಅಂಚಿದ್ದರೆ ನೆರಳು, ಗೆರೆಯಂಥ ಅಂಚಿದ್ದರೆ ಬಣ್ಣ. ಮಿದುಳಿನ ಕಾಯಿದೆ ಅಷ್ಟೇ. ಅಂಚು ಕರಗದ ಕಾಂಟೂರ್ ಕೊಳೆಯಂತೆ ಕಾಣುವುದು ಈ ಕಾಯಿದೆಯ ಪ್ರಕಾರವೇ.

ಇನ್ನೊಂದು ಸೂಕ್ಷ್ಮ ಬಣ್ಣದ್ದು. ಚರ್ಮದ ಮೇಲೆ ಬೀಳುವ ನಿಜವಾದ ನೆರಳಿನಲ್ಲಿ ಕೆಂಪು ಕಡಿಮೆ, ಬೂದುಛಾಯೆ ಹೆಚ್ಚು. ಆದ್ದರಿಂದ ನೆರಳಿನ ಪುಡಿ ಬೂದುಗಂದು ಇರಬೇಕು, ಮಿನುಗು ಸುತರಾಂ ಇರಬಾರದು. ನೆರಳು ಮಿನುಗುವುದನ್ನು ಯಾರು ಕಂಡಿದ್ದಾರೆ? ಬಿಸಿಲಿಗೆ ಬಾಡಿದ ಮೈಬಣ್ಣ ಕೊಡುವ ಬ್ರಾಂಜರ್ ಎಂಬ ಕೆಂಗಂದು ಪುಡಿಯನ್ನು ಕೆನ್ನೆಯ ತಗ್ಗಿಗೆ ಹಚ್ಚಿ ಮುಖ ಸಣ್ಣದಾಗಲಿಲ್ಲವೆಂದು ಕೊರಗುವವರು ಎಡವುವುದು ಇಲ್ಲೇ.

ಪ್ರಕೃತಿ ಈ ವಿದ್ಯೆಯನ್ನು ಬಲ್ಲದು, ಆದರೆ ಅದು ಬಳಸಿಕೊಳ್ಳುವುದು ತಿರುಗುಮುರುಗಾಗಿ. ರಾಣೆಬೆನ್ನೂರಿನ ಅಭಯಾರಣ್ಯದ ಕೃಷ್ಣಮೃಗವನ್ನು ನೆನೆಯಿರಿ. ಬೆನ್ನು ಕಡು, ಹೊಟ್ಟೆ ಬಿಳುಪು. ಮೇಲಿನಿಂದ ಬೀಳುವ ಬಿಸಿಲಿಗೆ ಬೆನ್ನು ಬೆಳಗಬೇಕು, ಹೊಟ್ಟೆ ನೆರಳಾಗಬೇಕು. ಮೈಬಣ್ಣ ಆ ಎರಡನ್ನೂ ಅಳಿಸುತ್ತದೆ, ದುಂಡಗಿನ ಮೈ ದೂರದಿಂದ ಚಪ್ಪಟೆಯಾಗಿ ಬಯಲಿನಲ್ಲಿ ಕರಗುತ್ತದೆ. ಮೀನುಗಳ ಬೆಳ್ಳಿಹೊಟ್ಟೆಯೂ ಇದೇ ಬಗೆಯದು. ಈ ತತ್ವವನ್ನು 1896ರಲ್ಲಿ ಮೊದಲು ಸ್ಪಷ್ಟವಾಗಿ ವಿವರಿಸಿದವನು ಪ್ರಾಣಿಶಾಸ್ತ್ರಜ್ಞನಲ್ಲ, ಅಬಟ್ ಥೇಯರ್ ಎಂಬ ಅಮೆರಿಕದ ಚಿತ್ರಕಾರ. ನೆರಳು ಬಳಿದು ಚಪ್ಪಟೆ ಬಟ್ಟೆಯ ಮೇಲೆ ದುಂಡು ಕೆನ್ನೆ ಮೂಡಿಸುವವನಿಗೆ, ನೆರಳು ಅಳಿಸಿ ದುಂಡನ್ನು ಚಪ್ಪಟೆ ಮಾಡುವ ಉಪಾಯ ಹೊಳೆದದ್ದು ಆಶ್ಚರ್ಯವೇನಲ್ಲ.

ಮುಖಕ್ಕೆ ಸುಳ್ಳು ನೆರಳು ಬೇಕಾದದ್ದು ಮೊದಲು ರಂಗಭೂಮಿಯಲ್ಲಿ. ಅದಕ್ಕೆ ಕಾರಣ ನಟರ ಚಪಲವಲ್ಲ, ದೀಪ. ಲಂಡನ್ನಿನ ದೊಡ್ಡ ನಾಟಕಶಾಲೆಗಳಿಗೆ 1817ರಲ್ಲಿ ಗ್ಯಾಸ್ ದೀಪ ಬಂತು. 1837ರಲ್ಲಿ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ ಸುಣ್ಣದ ತುಂಡನ್ನು ಅನಿಲದ ಜ್ವಾಲೆಯಲ್ಲಿ ಕಾಯಿಸಿ ಬೆಳಗಿಸುವ ಲೈಮ್‌ಲೈಟ್ ಬಂತು. 1881ರಲ್ಲಿ ಸವಾಯ್ ರಂಗಮಂದಿರ ಪೂರ್ತಿ ವಿದ್ಯುತ್ತಿನಿಂದ ಬೆಳಗಿತು. ಮೇಣದ ಬತ್ತಿಯ ಮಂಕಿನಲ್ಲಿ ಸಾಲುತ್ತಿದ್ದ ಒಣ ಬಿಳಿಪುಡಿ, ಕೆಂಪುಪುಡಿ ಹೊಸ ಪ್ರಖರತೆಯಲ್ಲಿ ನಗೆಪಾಟಲಾಯಿತು. ಮೇಲಾಗಿ ರಂಗದ ಅಂಚಿನಲ್ಲಿ ನೆಲಮಟ್ಟಕ್ಕೆ ಸಾಲಾಗಿ ಉರಿಯುತ್ತಿದ್ದ ಫುಟ್‌ಲೈಟುಗಳು ಬೆಳಕನ್ನು ಕೆಳಗಿನಿಂದ ಎರಚುತ್ತಿದ್ದವು. ಮೂಗಿನ ತಳ, ಗಲ್ಲದ ಅಡಿ, ಹುಬ್ಬಿನ ಕೆಳಭಾಗ ಎಲ್ಲ ಬೆಳಗಿ, ಮುಖದ ಸಹಜ ನೆರಳೆಲ್ಲ ತಲೆಕೆಳಗಾಗುತ್ತಿತ್ತು. ಇಂದಿಗೂ ದೆವ್ವದ ಸಿನಿಮಾದವರು ದೀಪವನ್ನು ಗಲ್ಲದ ಕೆಳಗೆ ಹಿಡಿಯುತ್ತಾರೆ, ಏಕೆಂದರೆ ಕೆಳಗಿನ ಬೆಳಕಿನಲ್ಲಿ ಯಾರ ಮುಖವೂ ಮನುಷ್ಯನ ಮುಖದಂತೆ ಇರುವುದಿಲ್ಲ. ಇಂಥ ದೀಪದೆದುರು ರಾಜಕುಮಾರನಾಗಬೇಕಾದ ನಟ, ಕಳೆದುಹೋದ ನೆರಳನ್ನು ಕೈಯಾರೆ ಬರೆದುಕೊಳ್ಳಲೇಬೇಕಿತ್ತು. ಕೊಬ್ಬಿನಲ್ಲಿ ಕಲಸಿದ ಬಣ್ಣದ ಕಡ್ಡಿಗಳನ್ನು 1873ರಲ್ಲಿ ಬರ್ಲಿನ್ನಿನಲ್ಲಿ ಮಾರಾಟಕ್ಕೆ ತಂದ ಲುಡ್ವಿಗ್ ಲೈಶ್ನರ್ ಸ್ವತಃ ಒಪೆರಾ ಗಾಯಕ.

ನಮ್ಮ ಕಡೆಯೂ ಬಣ್ಣದ ಕಥೆ ದೀಪದ ಕಥೆಯೇ. ಯಕ್ಷಗಾನ ದೊಂದಿಯ ಬೆಳಕಿನಲ್ಲಿ ಬೆಳೆದ ಆಟ. ಕುಣಿಯುವ ಕೆಂಪು ಬೆಳಕಿಗೆ ಎದುರಾಗಿ ದೂರದ ಪ್ರೇಕ್ಷಕನಿಗೂ ಮುಖ ಕಾಣಬೇಕಾದರೆ ಸಣ್ಣ ನೆರಳು ಪ್ರಯೋಜನವಿಲ್ಲ. ಹಳದಿಗೆ ಅರದಾಳ, ಕೆಂಪಿಗೆ ಇಂಗಳೀಕ, ಬಿಳಿಗೆ ಸಫೇದ, ಕಪ್ಪಿಗೆ ಕಾಡಿಗೆ, ಜೊತೆಗೆ ಬಣ್ಣದ ವೇಷಕ್ಕೆ ಅಕ್ಕಿಹಿಟ್ಟಿನ ಚುಟ್ಟಿ. ವೃತ್ತಿ ನಾಟಕ ಕಂಪನಿಗಳ ಬಣ್ಣದ ಮನೆಯಲ್ಲೂ ಅರದಾಳವೇ ಅಡಿಪಾಯ. ಆದರೆ ಯಕ್ಷಗಾನದ ಚೌಕಿಯಲ್ಲಿ ಕನ್ನಡಿ ಹಿಡಿದು ಕೂತವನ ಉದ್ದೇಶ ಬೇರೆ. ಅವನು ಬರೆದದ್ದು ಬರೆದದ್ದೆಂದು ಎಲ್ಲರಿಗೂ ಕಾಣಲಿ ಎಂದೇ ಬರೆಯುತ್ತಾನೆ. ಗೆರೆ ಗೆರೆಯಾಗಿಯೇ ನಿಲ್ಲುತ್ತದೆ, ಹೆರಿಂಗನ ಕಾಯಿದೆಯಂತೆ ಅದು ಬಣ್ಣವೇ ಸರಿ. ಮನುಷ್ಯನ ಮುಖ ಅಳಿದು ರಾಕ್ಷಸನದೋ ದೇವತೆಯದೋ ಮುಖ ಬರುತ್ತದೆ. ಕಾಂಟೂರಿನವಳಿಗೆ ಬೇಕಾದದ್ದು ಬರೆದದ್ದೇ ಕಾಣದಂಥ ಬರಹ. ಎರಡರಲ್ಲಿ ಹೆಚ್ಚು ಪ್ರಾಮಾಣಿಕವಾದದ್ದು ಯಾವುದೆಂಬ ಜಗಳಕ್ಕೆ ಕೊನೆಯಿಲ್ಲ. ಹೆಚ್ಚು ಧೈರ್ಯದ್ದು ಮಾತ್ರ ಚೌಕಿಯದೇ.

ಸುಳ್ಳು ನೆರಳು ಶಾಸ್ತ್ರವಾಗಿ ಬೆಳೆದದ್ದು ಹಾಲಿವುಡ್‌ನಲ್ಲಿ. ಅದಕ್ಕೆ ಮುಖ್ಯ ಕಾರಣನಾದವನು ಪೋಲೆಂಡಿನಲ್ಲಿ ಹುಟ್ಟಿ 1904ರಲ್ಲಿ ಅಮೆರಿಕಕ್ಕೆ ವಲಸೆ ಬಂದ ಯಹೂದಿ ವಿಗ್ ತಯಾರಕ ಮ್ಯಾಕ್ಸ್ ಫ್ಯಾಕ್ಟರ್. ಅವನು ಲಾಸ್ ಏಂಜಲೀಸ್ ತಲಪಿದಾಗ ಸಿನಿಮಾದವರು ರಂಗಭೂಮಿಯ ಬಣ್ಣದ ಕಡ್ಡಿಯನ್ನೇ ಬಳಿದುಕೊಳ್ಳುತ್ತಿದ್ದರು. ದಪ್ಪ ಲೇಪ ನಗುವಾಗ ಬಿರುಕು ಬಿಡುತ್ತಿತ್ತು. ಹತ್ತಿರದ ಚಿತ್ರಿಕೆಯಲ್ಲಿ ಆ ಬಿರುಕು ಬಯಲಾಟದ ಅಂಗಳದಷ್ಟು ದೊಡ್ಡದಾಗಿ ತೆರೆಯ ಮೇಲೆ ಬೀಳುತ್ತಿತ್ತು. ಫ್ಯಾಕ್ಟರ್ 1914ರಲ್ಲಿ ತೆಳುವಾದ, ಚರ್ಮದೊಂದಿಗೆ ಮಡಿಯುವ ಲೇಪ ತಯಾರಿಸಿದ. ಅಷ್ಟಕ್ಕೆ ತೊಂದರೆ ಮುಗಿಯಲಿಲ್ಲ. ಆಗಿನ ಫಿಲ್ಮಿಗೆ ಕೆಂಪು ಬಣ್ಣ ಕಾಣುತ್ತಲೇ ಇರಲಿಲ್ಲ. ಕೆಂಪು ತುಟಿ ತೆರೆಯ ಮೇಲೆ ಕಪ್ಪಾಗುತ್ತಿತ್ತು, ನೀಲಿ ಕಣ್ಣು ಬಿಳುಚಿಕೊಳ್ಳುತ್ತಿತ್ತು, ಗುಲಾಬಿ ಕೆನ್ನೆ ಮಸಿಯಾಗುತ್ತಿತ್ತು. ಮೂಕಚಿತ್ರಗಳ ನಾಯಕಿಯರ ಸುಣ್ಣದಂಥ ಮುಖಕ್ಕೆ ಇದೂ ಒಂದು ಕಾರಣ.

1920ರ ದಶಕದ ಕೊನೆಯಲ್ಲಿ ಎಲ್ಲ ಬಣ್ಣಗಳನ್ನೂ ಗ್ರಹಿಸುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮ್ ಚಾಲ್ತಿಗೆ ಬಂತು. ಅದೇ ಹೊತ್ತಿಗೆ ಮಾತಿನ ಚಿತ್ರಗಳೂ ಬಂದು, ಗುಂಯ್‌ಗುಡುವ ಆರ್ಕ್ ದೀಪಗಳ ಜಾಗದಲ್ಲಿ ಸದ್ದಿಲ್ಲದ ಟಂಗ್‌ಸ್ಟನ್ ಬಲ್ಬುಗಳು ನಿಂತವು. ದೀಪವೂ ಹೊಸದು, ಫಿಲ್ಮೂ ಹೊಸದು; ಹಳೆಯ ಮುಖ ಎರಡಕ್ಕೂ ಒಗ್ಗಲಿಲ್ಲ. 1928ರಲ್ಲಿ ಹಾಲಿವುಡ್‌ನ ಛಾಯಾಗ್ರಾಹಕರು ಸೇರಿ ತಿಂಗಳುಗಟ್ಟಲೆ ಈ ದೀಪಗಳನ್ನು ಪರೀಕ್ಷಿಸಿದರು. ಆ ಪರೀಕ್ಷೆಗಳ ಜೊತೆಜೊತೆಯಲ್ಲೇ ಫ್ಯಾಕ್ಟರ್ ಹೊಸ ಫಿಲ್ಮಿಗೆ ಹೊಂದುವ ಬಣ್ಣಗಳ ಸರಣಿ ಸಿದ್ಧಪಡಿಸಿದ. ಕಪ್ಪುಬಿಳುಪಿನ ಚಿತ್ರದಲ್ಲಿ ಬಣ್ಣಕ್ಕೆ ಬೆಲೆಯಿಲ್ಲ, ಛಾಯೆಗೇ ಎಲ್ಲ ಬೆಲೆ. ಮುಖವನ್ನು ನೆರಳುಬೆಳಕಿನ ಲೆಕ್ಕದಲ್ಲಿ ಮಾತ್ರ ನೋಡುವುದನ್ನು ಪ್ರಸಾಧನದವರು ಕಲಿತದ್ದು ಈ ಬಣ್ಣವಿಲ್ಲದ ಪಾಠಶಾಲೆಯಲ್ಲಿ.

ಆ ಪಾಠಶಾಲೆಯ ಅತ್ಯುತ್ತಮ ವಿದ್ಯಾರ್ಥಿನಿ ಮರ್ಲೀನ್ ಡೀಟ್ರಿಶ್. ನಿರ್ದೇಶಕ ಯೋಸೆಫ್ ಫಾನ್ ಸ್ಟರ್ನ್‌ಬರ್ಗ್ 1930ರ 'ಮೊರಾಕೊ', 1932ರ 'ಶಾಂಘೈ ಎಕ್ಸ್‌ಪ್ರೆಸ್' ಚಿತ್ರಗಳಲ್ಲಿ ಮುಖ್ಯ ದೀಪವನ್ನು ಅವಳ ಮುಖಕ್ಕೆ ನೇರ ಎದುರು, ಬಹಳ ಎತ್ತರದಲ್ಲಿ ಇರಿಸುತ್ತಿದ್ದ. ಮೂಗಿನ ಕೆಳಗೆ ಚಿಟ್ಟೆಯಾಕಾರದ ಪುಟ್ಟ ನೆರಳು ಬೀಳುತ್ತಿತ್ತು, ಕೆನ್ನೆಮೂಳೆಯ ಕೆಳಗೆ ಆಳವಾದ ತಗ್ಗು ಮೂಡುತ್ತಿತ್ತು. ಆ ತಗ್ಗಿಗಾಗಿ ಅವಳು ದವಡೆ ಹಲ್ಲು ಕೀಳಿಸಿಕೊಂಡಳೆಂಬ ಗಾಳಿಮಾತು ಊರೆಲ್ಲ ಹಬ್ಬಿತ್ತು. ಹಲ್ಲಿಗಿಂತ ಹೆಚ್ಚಾಗಿ ಕೆಲಸ ಮಾಡಿದ್ದು ದೀಪ. ಮೂಗನ್ನು ಸಪೂರವಾಗಿಸಲು ಅದರ ಏಣಿನ ಮೇಲೆ ತಿಳಿಗೆರೆ ಎಳೆಯುತ್ತಿದ್ದರೆಂದೂ ಹೇಳುತ್ತಾರೆ. ಜಗತ್ತಿನ ಹೆಂಗಸರು ಆಸೆಪಟ್ಟದ್ದು ಆ ಕೆನ್ನೆಗೆ. ಅವರಿಗೆ ಸಿಕ್ಕಿದ್ದು ಪುಡಿಯ ಡಬ್ಬಿ. ಹತ್ತಡಿ ಎತ್ತರದ ದೀಪವನ್ನು ಯಾರೂ ಮಾರುತ್ತಿರಲಿಲ್ಲ.

ವರ್ಣಚಿತ್ರ ಬಂದ ಮೇಲೆ ಕೊಬ್ಬಿನ ಲೇಪಕ್ಕೇ ಕುತ್ತು ಬಂತು. ಹೊಳೆಯುವ ಲೇಪ ಪಕ್ಕದ ಸೀರೆಯ, ಪರದೆಯ ಬಣ್ಣವನ್ನೆಲ್ಲ ಮುಖದ ಮೇಲೆ ಪ್ರತಿಫಲಿಸುತ್ತಿತ್ತು. ಒದ್ದೆ ಸ್ಪಂಜಿನಿಂದ ಹಚ್ಚಿದರೆ ಒಣಗಿ ಹೊಳಪಿಲ್ಲದೆ ಕೂರುವ ಒತ್ತಿದ ಪುಡಿ, ಪ್ಯಾನ್‌ಕೇಕ್, ಫ್ಯಾಕ್ಟರ್ ಸಂಸ್ಥೆಯಿಂದ 1937ರಲ್ಲಿ ಸಿನಿಮಾಕ್ಕೆ ಬಂದದ್ದು ಈ ತೊಂದರೆ ನೀಗಲು. ಬೇಗನೆ ಅದು ಅಂಗಡಿಗೂ ಬಂತು. ಪುಡಿಯ ಹಿಂದೆಯೇ ಒಂದು ಆದರ್ಶವೂ ಬಂತು: ಮುಖವೆಂದರೆ ಮೊಟ್ಟೆಯಾಕಾರದ್ದು. ಅಗಲ ಮುಖ, ಚೌಕ ದವಡೆ, ಚಿಕ್ಕ ಹಣೆ ಎಲ್ಲವೂ ಆ ಮೊಟ್ಟೆಯಿಂದ ಎಷ್ಟು ದೂರ ಎಂಬ ತಪ್ಪುಗಳಾದವು. 1930ರ ದಶಕದಲ್ಲಿ ಫ್ಯಾಕ್ಟರ್ ತಲೆಗೆ ಕಬ್ಬಿಣದ ಪಟ್ಟಿಗಳನ್ನೂ ತಿರುಪುಗಳನ್ನೂ ಜೋಡಿಸಿ ಮುಖದ 'ಕೊರತೆ' ಅಳೆಯುವ ಬ್ಯೂಟಿ ಮೈಕ್ರೋಮೀಟರ್ ಎಂಬ ಯಂತ್ರವನ್ನೂ ಮಾಡಿಸಿದ್ದ. ಅದರ ಛಾಯಾಚಿತ್ರ ನೋಡಿದವರಿಗೆ ಪೊಲೀಸ್ ಠಾಣೆ ನೆನಪಾದರೆ ತಪ್ಪಿಲ್ಲ.

ಸ್ಟುಡಿಯೊದ ಈ ವಿದ್ಯೆಯನ್ನು ಪುಸ್ತಕಗಳ ಮೂಲಕ ಮನೆಮನೆಗೆ ತಲಪಿಸಿದವರಲ್ಲಿ ಕೆವಿನ್ ಆಕ್ವಾನ್ ಹೆಸರು ದೊಡ್ಡದು. ಅವನ 'ಮೇಕಿಂಗ್ ಫೇಸಸ್' 1997ರಲ್ಲಿ ಬಂತು. 2012ರಲ್ಲಿ ಅಮೆರಿಕದ ಕಿರುತೆರೆ ತಾರೆ ಕಿಮ್ ಕಾರ್ಡಾಶಿಯನ್, ಕಂದು ಬಿಳಿ ಪಟ್ಟೆಗಳನ್ನು ತೀಡುವ ಮುನ್ನ ತೆಗೆದ ತನ್ನ ಮುಖದ ಚಿತ್ರವನ್ನು ಪ್ರಕಟಿಸಿದ ಮೇಲೆ ಗುಟ್ಟು ಗುಟ್ಟಾಗಿ ಉಳಿಯಲಿಲ್ಲ. ಮೊಬೈಲ್ ಫೋನು ಉಳಿದ ಕೆಲಸ ಮಾಡಿತು. ಮುಖದೆದುರೇ ಹಿಡಿಯುವ ಉಂಗುರದ ದೀಪ ಎಲ್ಲ ದಿಕ್ಕಿನಿಂದಲೂ ಸಮನಾಗಿ ಬೆಳಗಿ ಮುಖದ ಸಹಜ ನೆರಳನ್ನು ತೊಳೆದುಹಾಕುತ್ತದೆ. ತೊಳೆದುಹೋದದ್ದನ್ನು ಪುಡಿಯಿಂದ ಮತ್ತೆ ಬರೆಯಬೇಕು. ಫುಟ್‌ಲೈಟಿನೆದುರು ನಿಂತ ನಟನ ಕಷ್ಟವೇ ಇದು, ಬೇರೆ ವೇಷದಲ್ಲಿ. ಹೊಸ ದೀಪ ಹೊಸ ಪೇಚನ್ನೂ ತರುತ್ತದೆ. ಸಿಲಿಕಾ ಬೆರೆಸಿದ, ಬರಿಗಣ್ಣಿಗೆ ಕಾಣದಷ್ಟು ನಯವಾದ ಪುಡಿ ಫ್ಲ್ಯಾಶ್ ಬಿದ್ದೊಡನೆ ಬೆಳಕನ್ನು ಹಿಂದಕ್ಕೆಸೆದು ಕಣ್ಣಿನ ಕೆಳಗೆ ಹಿಟ್ಟು ಮೆತ್ತಿದಂಥ ಬಿಳಿಮಚ್ಚೆ ತೋರಿಸುತ್ತದೆ.

ಈ ಪುಡಿಗಳ ಛಾಯೆಗಳು ಬಹುಕಾಲ ಬಿಳಿಯರ ಚರ್ಮವನ್ನೇ ಅಳತೆಗೋಲಾಗಿ ಇಟ್ಟುಕೊಂಡಿದ್ದವು. ಅವರಿಗೆ ನೆರಳಾದದ್ದು ನಮ್ಮ ಎಣ್ಣೆಗೆಂಪು ಕೆನ್ನೆಗೆ ಬೂದಿಯಾಯಿತು. ಕಪ್ಪು ಚರ್ಮಕ್ಕಂತೂ ನೆರಳಿನ ಪುಡಿಯೇ ಬಿಳಿಪುಡಿಯಾಯಿತು. 2017ರಲ್ಲಿ ಗಾಯಕಿ ರಿಹಾನಾ ಫೆಂಟಿ ಹೆಸರಿನಲ್ಲಿ ನಲವತ್ತು ಛಾಯೆಗಳ ಅಡಿಲೇಪವನ್ನು ಒಟ್ಟಿಗೆ ಅಂಗಡಿಗೆ ತಂದಾಗಲಷ್ಟೇ ಉಳಿದವರು ಡಬ್ಬಿಗಳನ್ನು ಎಣಿಸಿಕೊಂಡರು.

ಇನ್ನು ಡಬ್ಬಿಯೊಳಗೇನಿದೆ? ನೆರಳಿನ ಪುಡಿಯ ಬಹುಪಾಲು ಟಾಲ್ಕ್, ಅಂದರೆ ಬಳಪದ ಕಲ್ಲಿನ ಮುಖ್ಯ ಖನಿಜ. ಬಳಪದ ಕಲ್ಲೆಂದೊಡನೆ ಕನ್ನಡಿಗರಿಗೆ ನೆನಪಾಗುವುದು ಬೇಲೂರು, ಹಳೇಬೀಡು. ಹೊಯ್ಸಳ ಶಿಲ್ಪಿ ಆ ಮೃದುವಾದ ಕಲ್ಲಿನಲ್ಲಿ ಆಳಕ್ಕೆ ಕೊರೆದು ನಿಜವಾದ ನೆರಳನ್ನೇ ಕೂರಿಸಿದ. ಮದನಿಕೆಯ ಕೆನ್ನೆ ಯಾವ ಬಿಸಿಲಿಗೂ ಸುಳ್ಳಾಗುವುದಿಲ್ಲ. ಟಾಲ್ಕಿಗೆ ಬಣ್ಣ ಕೊಡುವುದು ಕಬ್ಬಿಣದ ಆಕ್ಸೈಡುಗಳು, ಅಂದರೆ ಕೆಮ್ಮಣ್ಣಿನ ನೆಂಟರು. ಇವೆಲ್ಲ ಹಳೆಯ ಬಣ್ಣಗಳಿಗಿಂತ ಎಷ್ಟೋ ವಾಸಿ. ಯುರೋಪಿನ ಶ್ರೀಮಂತೆಯರು ಬಳಿಯುತ್ತಿದ್ದ ಬಿಳಿ ಸೀಸದ ಕಾರ್ಬೊನೇಟ್. ಚೆಲುವಿಗೆ ಹೆಸರಾಗಿದ್ದ ಕೋವೆಂಟ್ರಿಯ ಕೌಂಟೆಸ್ ಮರಾಯಾ ಗನಿಂಗ್ 1760ರಲ್ಲಿ 27ರ ಹರೆಯದಲ್ಲಿ ಸತ್ತದ್ದು ಅದರಿಂದಲೇ ಎಂದು ನಂಬಲಾಗಿದೆ. ನಮ್ಮ ಅರದಾಳ ಆರ್ಸೆನಿಕ್ಕಿನ ಸಲ್ಫೈಡ್, ಇಂಗಳೀಕ ಪಾದರಸದ ಸಲ್ಫೈಡ್. ರಾತ್ರಿಯಿಡೀ ಬೆವರಿನಲ್ಲಿ ಅದನ್ನು ಹೊತ್ತು ಕುಣಿದವರ ಚರ್ಮದ ಲೆಕ್ಕವನ್ನು ಯಾರೂ ಇಟ್ಟಿಲ್ಲ. ಟಾಲ್ಕಿನ ಮೇಲೂ ಅನುಮಾನ ತಪ್ಪಿದ್ದಲ್ಲ. ನೆಲದೊಳಗೆ ಅದರ ಮಗ್ಗುಲಲ್ಲೇ ಕಲ್ನಾರು ಸಿಗುವುದುಂಟು. ಜಾನ್ಸನ್ ಅಂಡ್ ಜಾನ್ಸನ್ ತನ್ನ ಮಕ್ಕಳ ಪೌಡರಿನಲ್ಲಿ ಟಾಲ್ಕ್ ಬಿಟ್ಟು ಮೆಕ್ಕೆಜೋಳದ ಪಿಷ್ಟ ಹಿಡಿದದ್ದು ಅಮೆರಿಕ, ಕೆನಡಾಗಳಲ್ಲಿ 2020ರಲ್ಲಿ, ಉಳಿದ ದೇಶಗಳಲ್ಲಿ 2023ರಲ್ಲಿ. 2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಟಾಲ್ಕನ್ನು 'ಬಹುಶಃ ಕ್ಯಾನ್ಸರ್‌ಕಾರಕ' ವರ್ಗಕ್ಕೆ ಸೇರಿಸಿತು.

ಹೊಳಪಿನ ಪುಡಿಯ ಕಥೆ ಬೇರೆ. ಹಿಂದೆ ಆ ಮುತ್ತಿನ ಮಿನುಗು ಮೀನಿನ ಹುರುಪೆಯಿಂದ ಬರುತ್ತಿತ್ತು. ಈಗ ಬಹುಪಾಲು ಬರುವುದು ಅಭ್ರಕದಿಂದ, ಹಳ್ಳಿಯ ಮಕ್ಕಳು ಕಾಗೆಬಂಗಾರ ಎಂದು ಆಯ್ದು ಜೇಬಿಗೆ ಹಾಕಿಕೊಳ್ಳುವ ಅದೇ ಹಾಳೆಕಲ್ಲಿನಿಂದ. ಅದರ ಸಣ್ಣ ಚಕ್ಕೆಗಳ ಮೇಲೆ ಟೈಟಾನಿಯಂ ಡೈಆಕ್ಸೈಡಿನ ಅತಿ ತೆಳು ಪದರ ಹೊದಿಸುತ್ತಾರೆ. ನೀರಿನ ಮೇಲೆ ತೇಲುವ ಎಣ್ಣೆಯಂತೆ ಆ ಪದರ ಬೆಳಕನ್ನು ಒಡೆದು ಮಿನುಗಿಸುತ್ತದೆ.

ಅಭ್ರಕಕ್ಕೆ ಜಗತ್ತಿನಲ್ಲೇ ಹೆಸರಾದ ನೆಲ ಜಾರ್ಖಂಡದ ಕೋಡರ್ಮಾ, ಗಿರಿಡೀಹ್ ಮತ್ತು ಬಿಹಾರದ ಅಂಚು. ಒಂದು ಕಾಲಕ್ಕೆ ವಿದ್ಯುತ್ ಉಪಕರಣಗಳಿಗಾಗಿ ಅಲ್ಲಿ ದೊಡ್ಡ ಗಣಿಗಳು ನಡೆಯುತ್ತಿದ್ದವು. ಬದಲಿ ವಸ್ತುಗಳು ಬಂದು, 1980ರ ಅರಣ್ಯ ಸಂರಕ್ಷಣಾ ಕಾಯ್ದೆಯೂ ಬಂದ ಮೇಲೆ ಅವು ಒಂದೊಂದಾಗಿ ಮುಚ್ಚಿದವು. ಗಣಿ ಮುಚ್ಚಿತು, ಹಸಿವು ಮುಚ್ಚಲಿಲ್ಲ. ಕೈಬಿಟ್ಟ ಗುಂಡಿಗಳಲ್ಲಿ ಇಡೀ ಕುಟುಂಬಗಳು ಇಳಿದು ಢಿಬ್ರಾ ಎಂಬ ಚೂರು ಅಭ್ರಕ ಹೆಕ್ಕಿ ದಲ್ಲಾಳಿಗಳಿಗೆ ಮಾರತೊಡಗಿದವು. ಇಕ್ಕಟ್ಟಾದ ಬಿಲಗಳಿಗೆ ಸಣ್ಣ ಮೈಯೇ ಸರಿಹೋಗುವುದರಿಂದ ಮಕ್ಕಳು ಇಳಿದರು. ಥಾಮ್ಸನ್ ರಾಯಿಟರ್ಸ್ ಫೌಂಡೇಶನ್ 2016ರಲ್ಲಿ ನಡೆಸಿದ ತನಿಖೆ, ಎರಡೇ ತಿಂಗಳಲ್ಲಿ ಕನಿಷ್ಠ ಏಳು ಮಕ್ಕಳು ಮಣ್ಣು ಕುಸಿದು ಸತ್ತದ್ದನ್ನು, ಆ ಸಾವುಗಳು ದಾಖಲೆಗೆ ಬಾರದಂತೆ ಮುಚ್ಚಿಹೋದದ್ದನ್ನು ಬಯಲಿಗೆ ತಂದಿತು. ಗಣಿಯೇ ಇಲ್ಲವೆಂದು ಕಾಗದದಲ್ಲಿ ಇರುವಾಗ ಗಣಿಯಲ್ಲಿ ಸತ್ತರೆಂದು ಬರೆಯುವುದು ಯಾರಿಗೂ ಬೇಕಿರಲಿಲ್ಲ. ಸತ್ತ ಮಗುವಿನ ಹೆಸರು ಬರೆಸಿದರೆ ಉಳಿದವರ ಕೂಲಿಯೂ ಹೋಗುತ್ತದೆಂಬ ಅಂಜಿಕೆ ಮನೆಯವರದು.

ಇದಾದ ಮರುವರ್ಷ ಪ್ರಸಾಧನ ಕಂಪನಿಗಳೂ ಅಭ್ರಕ ಬಳಸುವ ಇತರ ಉದ್ಯಮಗಳೂ ಸೇರಿ ಪ್ಯಾರಿಸ್ಸಿನಲ್ಲಿ ರೆಸ್ಪಾನ್ಸಿಬಲ್ ಮೈಕಾ ಇನಿಶಿಯೇಟಿವ್ ಎಂಬ ಒಕ್ಕೂಟ ಕಟ್ಟಿದವು. ಕೆಲವು ಕಂಪನಿಗಳು ಕುಲುಮೆಯಲ್ಲಿ ಕರಗಿಸಿ ಬೆಳೆಸುವ ಕೃತಕ ಅಭ್ರಕದತ್ತ ತಿರುಗಿದವು. ಕೃತಕದ್ದು ಹೆಚ್ಚು ಶುಭ್ರ, ಹೆಚ್ಚು ಹೊಳಪು, ಹೆಚ್ಚು ದುಬಾರಿ ಕೂಡ. ಇತ್ತ ಕೋಡರ್ಮಾದ ಗುಡಿಸಲಿನಲ್ಲಿ ಢಿಬ್ರಾ ಕೊಳ್ಳುವವನು ಬಾರದೆ ಹೋದರೆ ಒಲೆ ಉರಿಯುವುದು ಹೇಗೆಂಬ ಪ್ರಶ್ನೆಗೆ ಕುಲುಮೆಯಲ್ಲಿ ಉತ್ತರವಿಲ್ಲ. ಡಬ್ಬಿಯ ಬೆನ್ನಿನ ಮೇಲೆ ಸಣ್ಣ ಅಕ್ಷರದಲ್ಲಿ 'ಮೈಕಾ' ಎಂದಷ್ಟೇ ಇದ್ದರೆ ಅದು ನೆಲದಿಂದ ತೆಗೆದದ್ದು. ಕೃತಕವಾದರೆ 'ಸಿಂಥೆಟಿಕ್ ಫ್ಲೋರ್‌ಫ್ಲೋಗೊಪೈಟ್' ಎಂಬ ನಾಲಿಗೆ ಹೊರಳದ ಹೆಸರು ಇರುತ್ತದೆ. ಯಾವ ಗುಂಡಿಯಿಂದ, ಯಾರ ಕೈಯಿಂದ ಬಂತೆಂಬುದನ್ನು ಹೇಳುವ ಅಕ್ಷರ ಡಬ್ಬಿಯ ಮೇಲೆ ಇರುವುದಿಲ್ಲ.